ಆಮೇಲೆ ಎಂಬ ಹೆಸರಿನ ಜಾಗ

ಆಸ್ಪತ್ರೆಯ ಯಾವ ಮೂಲೆಯಲ್ಲಿ ಕಂಪ್ಯೂಟರ್ ಮುನಿಸಿಕೊಂಡರೂ ಮೊದಲ ಫೋನು ಬರುವುದು ಅವನಿಗೆ. ಎಕ್ಸ್‌ರೇ ಕೋಣೆಯವರು, ಔಷಧದ ಕೌಂಟರಿನವರು, ಬಿಲ್ಲು ಮಾಡುವವರು, ಯಾರ ಮಾತನ್ನೂ ಕಿವಿಗೆ ಹಾಕಿಕೊಳ್ಳದ ದೊಡ್ಡ ಸರ್ಜನ್ ಕೂಡ, ಪರದೆ ಕಪ್ಪಾದ ಕೂಡಲೇ ‘ಸಿಸ್ಟಂ ಸರ್ ಎಲ್ಲಿ?’ ಎಂದು ಹುಡುಕುತ್ತಾರೆ. ಅವನ ನಿಜವಾದ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದುಕೊಂಡಿತ್ತು. ಉಳಿದವರಿಗೆಲ್ಲ ಅವನು ಸಿಸ್ಟಂ.

ಇಂಥವನ ಮಾವನ ಮನೆಯಲ್ಲಿ ಕಂಪ್ಯೂಟರ್ ಕೆಟ್ಟರೆ ಫೋನು ಯಾರಿಗೆ ಹೋಗಬೇಕು, ನೀವೇ ಹೇಳಿ. ಹೋಗುತ್ತಿದ್ದದ್ದು ಅವನ ಷಡ್ಡಕನಿಗೆ, ಎಂದರೆ ಅವನ ಹೆಂಡತಿಯ ಅಕ್ಕನ ಗಂಡನಿಗೆ. ಆ ಮಹಾಶಯನ ಉದ್ಯೋಗ ಈಜು ಕಲಿಸುವುದು. ದಿನವಿಡೀ ಚಡ್ಡಿ ಹಾಕಿಕೊಂಡು, ಕೊರಳಿಗೆ ಸೀಟಿ ನೇತುಹಾಕಿಕೊಂಡು, ಕೊಳದ ಅಂಚಿನಲ್ಲಿ ನಿಂತು ‘ಕಾಲು ಬಡಿ, ಕಾಲು ಬಡಿ’ ಎಂದು ಅರಚುವ ಮನುಷ್ಯ. ಕಂಪ್ಯೂಟರಿನ ಗಂಧಗಾಳಿ ಅವನಿಗೆ ಎಷ್ಟಿರಬಹುದೋ ಅಷ್ಟೇ ಇತ್ತು. ಆದರೂ ಮಾವನ ಬಾಯಲ್ಲಿ ಯಾವಾಗಲೂ ಒಂದೇ ಮಾತು: “ದೊಡ್ಡೋನು ಬರ್ಲಿ, ನೋಡ್ತಾನೆ.”

ಈ ಮಾತು ಕೇಳಿದಾಗಲೆಲ್ಲ ಸಿಸ್ಟಂನ ಹೊಟ್ಟೆಯೊಳಗೆ ಯಾರೋ ಕೆಂಡ ಕೆದಕಿದ ಹಾಗಾಗುತ್ತಿತ್ತು. ಅದಕ್ಕೆ ಬೇರೆ ಮರ್ಯಾದಸ್ಥ ಹೆಸರು ಕೊಡಲು ಅವನು ಪ್ರಯತ್ನ ಪಡದೆ ಇರಲಿಲ್ಲ. ವೃತ್ತಿಗೌರವ ಎಂದ. ತತ್ವದ ಪ್ರಶ್ನೆ ಎಂದ. ಹೆಂಡತಿ ಒಂದನ್ನೂ ಒಪ್ಪಲಿಲ್ಲ.

“ಅದಕ್ಕೆ ಹೊಟ್ಟೆಕಿಚ್ಚು ಅಂತಾರೆ ರೀ.”

“ನನಗ್ಯಾಕೆ ಹೊಟ್ಟೆಕಿಚ್ಚು? ಆ ಮನುಷ್ಯನಿಗೆ ಮೌಸ್ ಹಿಡಿಯೋಕೂ ನೆಟ್ಟಗೆ ಬರಲ್ಲ.”

“ಹೇಗೋ ಹಿಡೀತಾರೆ, ಅಪ್ಪನ ಕೆಲಸ ನಡೆಯುತ್ತೆ. ನಿಮಗೇನು ಕಷ್ಟ ಅದರಲ್ಲಿ?”

ಕಷ್ಟ ಏನೆಂದು ಅವನು ಬಾಯಿ ಬಿಟ್ಟು ಹೇಳಲಿಲ್ಲ. ಹೇಳಿದ್ದರೆ ಇಷ್ಟೇ ಇತ್ತು: ಮದುವೆಯಾಗಿ ಇಷ್ಟು ವರ್ಷವಾದರೂ ಮಾವ ಒಂದೇ ಒಂದು ಸಲ ಅವನಿಗೆ ಫೋನು ಮಾಡಿರಲಿಲ್ಲ. ಮಾಡಿದರೆ ಮಗಳಿಗೆ. ಅವನಿಗೆ ಜ್ವರ ಬಂದಾಗ ‘ಹೇಗಿದಾರೆ’ ಎಂದು ಕೇಳಿದ್ದೂ ಮಗಳನ್ನೇ. ಎದುರಿಗೆ ಸಿಕ್ಕರೆ “ಬನ್ನಿ, ಕೂತ್ಕೊಳ್ಳಿ, ಫ್ಯಾನ್ ಹಾಕ್ಲಾ?” ಎನ್ನುವರು. ದೊಡ್ಡಳಿಯ ಸಿಕ್ಕರೆ ಬೆನ್ನಿಗೊಂದು ಗುದ್ದು. ಮಾವನ ಫೋಟೊ ಸ್ಟುಡಿಯೊದ ಗೋಡೆಯಲ್ಲಿ ಎರಡು ಮೊಳೆಗಳಿದ್ದವು, ಅವುಗಳಲ್ಲಿ ಎರಡು ಮಗ್ಗುಗಳು. ಒಂದು ಮಾವನದು. ಅಂಚು ಒಡೆದ ಇನ್ನೊಂದು ಷಡ್ಡಕನದು, ಅದನ್ನು ಬೇರೆ ಯಾರೂ ಮುಟ್ಟುವ ಹಾಗಿರಲಿಲ್ಲ. ಕಿರಿಯಳಿಯ ಬಂದರೆ ಅತ್ತೆ ಗಾಜಿನ ಬೀರುವಿನಿಂದ ಸಾಸರ್ ಸಮೇತ ಕಪ್ಪು ಇಳಿಸುತ್ತಿದ್ದರು. ಆ ಸಾಸರನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು. ಒಂದು ಒಡಕು ಮಗ್ಗಿನ ಮೇಲೆ ಇಷ್ಟು ಆಸೆ ಇಟ್ಟುಕೊಂಡ ಮನುಷ್ಯ ಇನ್ನೊಬ್ಬ ಇರಲಾರ.

ಇನ್ನು ಭಾನುವಾರದ ಕಥೆ. ಪ್ರತಿ ಭಾನುವಾರ ಮಧ್ಯಾಹ್ನ ಷಡ್ಡಕ ‘ಮಾವನ ಕಂಪ್ಯೂಟರ್ ನೋಡೋಕೆ’ ಸ್ಟುಡಿಯೊಗೆ ಹೋಗುತ್ತಿದ್ದ. ಷಟರ್ ಅರ್ಧ ಇಳಿಯುತ್ತಿತ್ತು. ಸಂಜೆಯವರೆಗೆ ಒಳಗಿನಿಂದ ಇಬ್ಬರ ನಗು ಕೇಳುತ್ತಿತ್ತಂತೆ. ಅರ್ಧ ಗಂಟೆಯ ಕೆಲಸವನ್ನು ವರ್ಷಗಟ್ಟಲೆ ಎಳೆಯುವ ಈ ಅಡ್ಡಕಸಬಿಯ ಬಗ್ಗೆ ಯೋಚಿಸುತ್ತ ಸಿಸ್ಟಂ ತನ್ನ ಭಾನುವಾರಗಳನ್ನು ಹಾಳು ಮಾಡಿಕೊಳ್ಳುತ್ತಿದ್ದ.

ಅಂತೂ ಒಂದು ವಾರ ಅದೃಷ್ಟ ಇತ್ತ ತಿರುಗಿತು. ಷಡ್ಡಕ ತನ್ನ ಶಿಷ್ಯರನ್ನು ಕಟ್ಟಿಕೊಂಡು ಪಕ್ಕದ ಊರಿನ ಸ್ಪರ್ಧೆಗೆ ಹೋಗಿದ್ದ. ಆ ಹೊತ್ತಿಗೆ ಸರಿಯಾಗಿ ಮಾವನ ಕಂಪ್ಯೂಟರ್ ‘ಡಿಸ್ಕಿನಲ್ಲಿ ಜಾಗ ಇಲ್ಲ’ ಎಂದು ಕೆಂಪು ಪಟ್ಟಿ ತೋರಿಸಿ ಕೈ ಎತ್ತಿತು. ಒಂದು ಇಡೀ ಶಾಲೆಯ ಮಕ್ಕಳ ಗುರುತಿನ ಚೀಟಿಯ ಫೋಟೊಗಳನ್ನು ಮಾವ ಒಪ್ಪಿಕೊಂಡಿದ್ದರು, ಕ್ಯಾಮೆರಾದಲ್ಲಿದ್ದದ್ದು ಕಂಪ್ಯೂಟರಿಗೆ ಇಳಿಯಲೊಲ್ಲದು. ಅತ್ತೆ ಮಗಳಿಗೆ ಫೋನು ಮಾಡಿದರು. ಮಗಳು ಗಂಡನಿಗೆ ಹೇಳಿದಳು.

“ನೋಡೋಣ, ಬಿಡುವಾದ್ರೆ ಹೋಗಿ ಬರ್ತೀನಿ,” ಎಂದ ಸಿಸ್ಟಂ, ಒಂದು ಕಾಲನ್ನು ಆಗಲೇ ಶೂಗೆ ತುರುಕುತ್ತ.

ಸ್ಟುಡಿಯೊ ಮಾವನ ಮನೆಯ ಕೆಳಗೇ ಇತ್ತು. ಎದುರಿಗೆ ಕೌಂಟರು, ಕೌಂಟರಿನ ಮೇಲೆ ಪಾಸ್‌ಪೋರ್ಟ್ ಫೋಟೊ ಕತ್ತರಿಸುವ ಕಟರ್. ಪಕ್ಕದಲ್ಲಿ ಕನ್ನಡಿ, ಕನ್ನಡಿಗೆ ದಾರ ಕಟ್ಟಿ ತೂಗುಬಿಟ್ಟ ಬಾಚಣಿಗೆ, ಕೆಲಸದ ಅರ್ಜಿಗೆ ಫೋಟೊ ತೆಗೆಸಿಕೊಳ್ಳುವವರಿಗೆಂದು ಮೊಳೆಗೆ ಹಾಕಿದ ಒಂದು ಕರಿ ಕೋಟು, ಗಂಟು ಬಿಚ್ಚದ ಒಂದು ಟೈ. ಒಳಗೆ ಎರಡು ಬಿಳಿ ಕೊಡೆ ದೀಪಗಳ ನಡುವೆ ಸ್ಟೂಲು, ಸ್ಟೂಲಿನ ಹಿಂದೆ ಸಮುದ್ರತೀರ ಬರೆದ ದೊಡ್ಡ ಪರದೆ. ಆ ಸಮುದ್ರದ ಬಲಗಡೆಯ ಮೂಲೆಯಲ್ಲಿ, ಕಾಲು ತಗುಲದ ಜಾಗದಲ್ಲಿ, ಕಂಪ್ಯೂಟರಿನ ಮೇಜು.

ಸಿಸ್ಟಂ ಕೂತು ಡಿಸ್ಕಿನ ನಕ್ಷೆ ತೆರೆದ. ತೆರೆದವನ ಮುಖದ ಮೇಲೆ ನಿಧಾನಕ್ಕೆ ನಗು ಹರಡಿತು.

ಒಂದು ಡಿಸ್ಕು ಎಂದರೆ ಒಂದು ಹಜಾರ ಇದ್ದಂತೆ. ಗೋಡೆ ಹಾಕಿ ಅದನ್ನು ಕೋಣೆ ಕೋಣೆ ಮಾಡಿಕೊಳ್ಳಬಹುದು, ಈ ಕೋಣೆಗಳಿಗೆ ಪಾರ್ಟಿಶನ್ ಎನ್ನುತ್ತಾರೆ. ಯಂತ್ರವನ್ನು ನಡೆಸುವ ತಂತ್ರಾಂಶ ಇರುವ ದೊಡ್ಡ ಕೋಣೆಯ ಜೊತೆಗೆ, ಅದು ಕೆಟ್ಟಾಗ ರಿಪೇರಿಗೆ ಬೇಕಾಗುವ ಸಾಮಾನು ಇಡಲು ಒಂದು ಪುಟ್ಟ ಕೋಣೆ ಇರುತ್ತದೆ. ಹೊಸ ಆವೃತ್ತಿ ಬಂದಾಗ, ಎಂದರೆ ಅಪ್‌ಗ್ರೇಡ್ ಆದಾಗ, ಆ ಪುಟ್ಟ ಕೋಣೆ ಸಾಲದೆ ಹೋದರೆ ಯಂತ್ರವೇ ಪಕ್ಕದಲ್ಲಿ ಇನ್ನೊಂದು ಕಟ್ಟಿಕೊಳ್ಳುತ್ತದೆ. ಹಳೆಯದನ್ನು ಕೆಡವುವ ಗೋಜಿಗೆ ಹೋಗುವುದಿಲ್ಲ. ಅದಕ್ಕೆ ಬಾಗಿಲೂ ಇಲ್ಲ, ಹೆಸರೂ ಇಲ್ಲ, ಹಾಗೇ ಬಿದ್ದಿರುತ್ತದೆ. ಕೆಲಸ ಬಲ್ಲವನು ಪ್ರತಿ ಸಲ ಅದನ್ನು ತೆಗೆದು ಜಾಗ ಒಗ್ಗೂಡಿಸುತ್ತಾನೆ. ಷಡ್ಡಕ ಒಂದು ಸಲವೂ ತೆಗೆದಿರಲಿಲ್ಲ. ನಕ್ಷೆಯ ಮೇಲೆ ಸತ್ತ ಕೋಣೆಗಳು ಒಂದರ ಪಕ್ಕ ಒಂದು ಸಾಲಾಗಿ ನಿಂತಿದ್ದವು. ಮುಖ್ಯ ಕೋಣೆಗೆ ಬೆಳೆಯಲು ದಾರಿಯೇ ಇಲ್ಲದಂತೆ ಒಂದು ಅದರ ಗೋಡೆಗೇ ಆತುಕೊಂಡಿತ್ತು. ಎಲ್ಲಕ್ಕಿಂತ ಕೊನೆಯಲ್ಲಿ, ಡಿಸ್ಕಿನ ಕಾಲು ಭಾಗವನ್ನೇ ನುಂಗಿಕೊಂಡು, ಎಂದೋ ಬಿಟ್ಟುಬಿಟ್ಟ ಹಳೆಯ ಆವೃತ್ತಿಯ ಪಾರ್ಟಿಶನ್ನು. ಅದಕ್ಕೊಂದು ಹೆಸರು ಬೇರೆ ಇಟ್ಟಿದ್ದ ಪುಣ್ಯಾತ್ಮ: ‘ಆಮೇಲೆ’.

ಸಿಸ್ಟಂ ಜೋರಾಗಿ ನಕ್ಕುಬಿಟ್ಟ. ಸೋಮಾರಿತನಕ್ಕೆ ಇಷ್ಟು ಚೆನ್ನಾದ ಬೋರ್ಡು ಬರೆಸಿ ತೂಗುಹಾಕಿದವರನ್ನು ಅವನು ನೋಡಿರಲಿಲ್ಲ.

“ಮಾವ, ಒಂದು ನಿಮಿಷ ಬನ್ನಿ ಇಲ್ಲಿ. ನೋಡಿ, ನಿಮ್ಮ ಡಿಸ್ಕ್ ತುಂಬಿಲ್ಲ. ಕಾಲು ಭಾಗಕ್ಕಿಂತ ಹೆಚ್ಚು ಜಾಗ ಸುಮ್ನೆ ಬಿದ್ದಿದೆ. ಇದು ಕಸ, ಇದು ಕಸ, ಇದಂತೂ ದೊಡ್ಡ ಕಸ. ಯಾರು ನೋಡ್ಕೋತಿದ್ರು ಇದನ್ನ?”

ಯಾರು ಎಂದು ಇಬ್ಬರಿಗೂ ಗೊತ್ತಿತ್ತು. ಮಾವ ಕನ್ನಡಕ ಏರಿಸಿ ಪರದೆ ನೋಡಿದರು. “ಹೌದಾ,” ಎಂದರು. ಆಮೇಲೆ ‘ಆಮೇಲೆ’ಯ ಮೇಲೆ ಅವರ ಕಣ್ಣು ಸ್ವಲ್ಪ ಹೊತ್ತು ನಿಂತಿತು. “ಅದನ್ನೂ ತೆಗೀಬೇಕಾ?”

“ಮೊದಲು ತೆಗೀಬೇಕಾಗಿದ್ದೇ ಅದು.”

“ತಾಳಿ, ದೊಡ್ಡೋನಿಗೆ ಒಂದು ಮಾತು ಕೇಳಿಬಿಡ್ತೀನಿ.”

ಸಿಸ್ಟಂಗೆ ಕೆನ್ನೆಗೆ ಹೊಡೆದ ಹಾಗಾಯಿತು. ಇಡೀ ಆಸ್ಪತ್ರೆಯ ಯಂತ್ರಗಳನ್ನು ಸಾಕುವವನು ಎದುರಿಗೆ ಕೂತಿದ್ದಾನೆ. ಒಪ್ಪಿಗೆ ಕೇಳಬೇಕಾದದ್ದು ಯಾರನ್ನು? ಸೀಟಿ ಊದುವವನನ್ನು! ಮಾವ ಫೋನಿನ ಸ್ಪೀಕರ್ ಹಾಕಿದರು. ಅತ್ತ ಕಡೆ ನೀರಿನ ಸದ್ದು, ಹುಡುಗರ ಕೂಗಾಟ.

“ಅಯ್ಯೋ, ಅವರಿಗೆ ಬಿಟ್ಟುಬಿಡಿ ಮಾವ, ಅವರ ಕಸುಬೇ ಅದು,” ಎಂದ ಷಡ್ಡಕ, ಒಂದಿಷ್ಟೂ ಬೇಜಾರಿಲ್ಲದೆ. “ಏನು ಬೇಕಾದ್ರೂ ತೆಗೀಲಿ. ಆ ‘ಆಮೇಲೆ’ ಒಂದನ್ನ ಮಾತ್ರ ಮುಟ್ಟಬೇಡಿ ಅಂತ ಹೇಳಿ.”

ಮಾವ ಮೀಸೆಯೊಳಗೇ ನಕ್ಕರು. ಫೋನಿನಲ್ಲಿ ಷಡ್ಡಕನೂ ನಕ್ಕ. ಅದು ಇಬ್ಬರಿಗೇ ಸೇರಿದ ನಗು, ಮೂರನೆಯವನಿಗೆ ಅದರಲ್ಲಿ ಜಾಗವಿರಲಿಲ್ಲ. ಅಲ್ಲಿಗೆ ಸಿಸ್ಟಂನ ತಾಳ್ಮೆ ಮುಗಿಯಿತು.

ಅವನು ಹೊಟ್ಟೆಕಿಚ್ಚಿನವನೇ ಇರಬಹುದು, ಕೆಲಸದಲ್ಲಿ ಮಾತ್ರ ಅಪ್ಪಟ. ಮೊದಲು ಮಾವನ ಫೋಟೊಗಳನ್ನೆಲ್ಲ ಬೇರೆ ಡಿಸ್ಕಿಗೆ ನಕಲು ಮಾಡಿಕೊಂಡ. ಪುಟ್ಟ ಕೋಣೆಗಳಲ್ಲಿ ಈಗ ಬಳಕೆಯಲ್ಲಿರುವುದು ಯಾವುದು ಎಂದು ಯಂತ್ರವನ್ನೇ ಕೇಳಿ ಖಾತ್ರಿ ಮಾಡಿಕೊಂಡ, ಏಕೆಂದರೆ ಎಲ್ಲವೂ ಒಂದೇ ಥರ ಕಾಣುತ್ತವೆ, ಅವಸರಗೇಡಿಗಳು ಬೇಕಾದದ್ದನ್ನೇ ಅಳಿಸಿ ಆಮೇಲೆ ತಲೆ ಮೇಲೆ ಕೈ ಹೊತ್ತು ಕೂರುತ್ತಾರೆ. ಸತ್ತವನ್ನು ಒಂದೊಂದಾಗಿ ತೆಗೆದ. ಕೊನೆಗೆ ‘ಆಮೇಲೆ’ಯನ್ನು ತೆರೆದು ಮೂಲೆ ಮೂಲೆ ಜಾಲಾಡಿದ. ಹಳೆಯ ಆವೃತ್ತಿಯ ಅಸ್ಥಿಪಂಜರ ಬಿಟ್ಟರೆ ಏನೂ ಇರಲಿಲ್ಲ. ಒಂದು ಫೋಟೊ ಇಲ್ಲ, ಒಂದು ಹಾಡಿಲ್ಲ. ಮತ್ತೇಕೆ ಇದರ ಮೇಲೆ ಇಷ್ಟು ಮಮಕಾರ? ಷಡ್ಡಕನಿಗೆ ತನ್ನ ಗುರುತು ಇಲ್ಲಿ ಉಳಿಯಬೇಕು, ಅಷ್ಟೇ. ನಿನ್ನ ಗುರುತಿಗೆ ಬೆಂಕಿ ಬೀಳ ಎಂದುಕೊಂಡು ಗುಂಡಿ ಒತ್ತಿದ.

ಅಷ್ಟೂ ಜಾಗ ಒಂದಾಯಿತು. ಶಾಲೆಯ ಮಕ್ಕಳೆಲ್ಲ ಸಲೀಸಾಗಿ ಇಳಿದು ಕೂತರು. ಮಾವನ ಕಂಪ್ಯೂಟರ್ ಹಿಂದೆಂದೂ ಅಷ್ಟು ಚುರುಕಾಗಿ ಎದ್ದಿರಲಿಲ್ಲ. ಅತ್ತೆ ಸಾಸರ್ ಸಮೇತ ಚಹಾ ತಂದರು, ನೋಡಿ ಬಾಯಿ ತುಂಬ ಹೊಗಳಿದರು.

“ಅಷ್ಟು ವರ್ಷದಿಂದ ಭಾನುವಾರ ಭಾನುವಾರ ಕೂತು ನೋಡಿದ್ರೂ ಮುಗೀದೆ ಇದ್ದ ಕೆಲಸ, ನೀವು ಒಂದೇ ಸಲ ಮುಗಿಸಿಬಿಟ್ರಿ! ಇನ್ನೇನೂ ಬಾಕಿ ಇಲ್ವಾ?”

“ಏನೂ ಬಾಕಿ ಇಲ್ಲ ಅತ್ತೆ. ಇನ್ನು ಇದರ ಕಡೆ ತಿರುಗಿ ನೋಡೋದು ಬೇಡ.”

“ಏನೂ ಅಂದ್ರೆ ಏನೂ?” ಎಂದರು ಮಾವ. ಅವರ ಮುಖ ಸಣ್ಣದಾಗಿತ್ತು. ಎದೆ ಉಬ್ಬಿಸಿಕೊಂಡು ಕೂತಿದ್ದ ಅಳಿಯನ ಕಣ್ಣಿಗೆ ಅದು ಬೀಳಲಿಲ್ಲ.

ಮನೆಗೆ ಬಂದು ಅವನು ಹೆಂಡತಿಗೆ ಎಲ್ಲವನ್ನೂ ಉಪ್ಪು ಖಾರ ಹಚ್ಚಿ ಹೇಳಿದ. ಇನ್ನು ಫೋನು ಬಂದರೆ ನನಗೇ ಎಂದ. ಫೋನು ಬರಲಿಲ್ಲ. ಹೇಗೆ ಬಂದೀತು? ಕೆಟ್ಟರೆ ತಾನೆ ಕರೆಯುವುದು. ಕೆಡದ ಹಾಗೆ ಮಾಡಿ ಬಂದವನು ಇವನೇ. ಅತ್ತೆಯಿಂದ ಮಾತ್ರ ಮಗಳ ಕೈಲಿ ಹೊಗಳಿಕೆ ಬರುತ್ತಿತ್ತು, ಕುಂಬಳಕಾಯಿಯ ಹಾಗೆ ದೊಡ್ಡ ದೊಡ್ಡದು. ಅದರಿಂದ ಅವನಿಗೆ ಎಳ್ಳಷ್ಟೂ ಸಮಾಧಾನವಾಗಲಿಲ್ಲ. ಇನ್ನೊಂದು ಸುದ್ದಿಯನ್ನೂ ಹೆಂಡತಿ ತಂದಳು. ಭಾವ ಈಗ ಭಾನುವಾರ ಸ್ಟುಡಿಯೊಗೆ ಬರುತ್ತಿಲ್ಲ. ಅಪ್ಪನನ್ನು ಅಮ್ಮ ಪ್ರತಿ ಭಾನುವಾರ ದೊಡ್ಡಮ್ಮನ ಮನೆಗೆ ಕರೆದುಕೊಂಡು ಹೋಗುತ್ತಿದ್ದಾಳೆ. ಷಡ್ಡಕನ ಭಾನುವಾರ ಹೋಯಿತು ಎಂದು ಕುಣಿಯಬೇಕಾದ ಸಿಸ್ಟಂಗೆ, ಅದೇನೋ, ಕುಣಿಯಲು ಆಗಲಿಲ್ಲ. ಇಂಗು ತಿಂದ ಮಂಗನ ಹಾಗೆ ಕೂತ.

ಒಂದು ಭಾನುವಾರ ಅತ್ತೆ ಕಿರಿ ಮಗಳನ್ನೂ ಅಳಿಯನನ್ನೂ ಜೊತೆಗೆ ಹೊರಡಿಸಿದರು. ದೊಡ್ಡಮ್ಮ ಎಂದರೆ ಅತ್ತೆಯ ಅಕ್ಕ. ಅವರ ಗಂಡನಿಗೆ ನೆಲಕ್ಕೆ, ಗೋಡೆಗೆ ಹಾಕುವ ಟೈಲ್ಸಿನ ದೊಡ್ಡ ಮಳಿಗೆಯಿತ್ತು. ಸಂಬಂಧಿಕರೆಲ್ಲ ಅವರನ್ನು ಟೈಲ್ಸ್ ದೊಡ್ಡಪ್ಪ ಎಂದೇ ಕರೆಯುತ್ತಿದ್ದರು. ಅವರು ಅತಿಥಿಗಳನ್ನು ಕೂರಿಸುವ ಮೊದಲು ಮನೆಯೆಲ್ಲ ಸುತ್ತಿಸುವರು. ಚಪ್ಪಲಿ ಬಿಚ್ಚಿಸಿ, ಬರಿಗಾಲಲ್ಲಿ ನಡೆಸಿ, “ತಂಪು ಗೊತ್ತಾಗ್ತಿದೆಯಾ? ಗೊತ್ತಾಗ್ಬೇಕು. ಹಡಗಲ್ಲಿ ಬಂದಿದ್ದು,” ಎನ್ನುವರು. ಬಚ್ಚಲುಮನೆಯಲ್ಲಿ ಎಲ್ಲರನ್ನೂ ನಿಲ್ಲಿಸಿ ಗೋಡೆ ತಡವಿಸಿದರು. ಫೋನು ಒತ್ತಿದರೆ ಕಿಟಕಿಯ ಪರದೆ ತಾನೇ ಸರಿಯಿತು. ಇನ್ನೊಮ್ಮೆ ಒತ್ತಿದರೆ ವಾಪಸು ಬಂತು. ಅದನ್ನು ಬಹಳ ಸಲ ಮಾಡಿ ತೋರಿಸಿದರು.

“ನಿಮ್ಮ ಫೋಟೊ ಅಂಗಡಿ ಇನ್ನೂ ನಡೀತಿದೆಯಾ?” ಎಂದು ಮಾವನನ್ನು ಕೇಳಿದರು, ಬಹಳ ಪ್ರೀತಿಯಿಂದ. “ಈಗೆಲ್ಲ ಫೋನಲ್ಲೇ ತೆಕ್ಕೋತಾರಲ್ಲ! ಮುಚ್ಚಿಬಿಟ್ಟು ಬನ್ನಿ ನಮ್ಮ ಮಳಿಗೆಗೆ, ಕೌಂಟರಲ್ಲಿ ಕೂತಿರಿ.”

“ನೋಡಿ, ಭಾವ ಹೇಗೆ ಇಟ್ಟಿದಾರೆ ಮನೇನ!” ಎಂದರು ಅತ್ತೆ, ಗಂಡನ ಕಡೆ ತಿರುಗಿ.

ಮಾವ ನಗುತ್ತಿದ್ದರು. ಸಿಸ್ಟಂ ಆ ನಗುವನ್ನು ನೋಡಿದ. ತುಟಿಯಲ್ಲಿ ಮಾತ್ರ ಇತ್ತು. ಹಲ್ಲು ಒಳಗೊಳಗೇ ಕಚ್ಚಿಕೊಂಡಿದ್ದವು, ಕಿವಿಯ ಕೆಳಗೆ ಒಂದು ನರ ಟಿಕ್ ಟಿಕ್ ಎಂದು ಮಿಡಿಯುತ್ತಿತ್ತು, ಹೆಬ್ಬೆರಳು ಸೋಫಾದ ಅಂಚನ್ನು ಉಜ್ಜುತ್ತಲೇ ಇತ್ತು. ಆ ಮುಖ ಅವನಿಗೆ ಚೆನ್ನಾಗಿ ಗೊತ್ತಿತ್ತು. ಎಷ್ಟೋ ಭಾನುವಾರ ಗಡ್ಡ ಹೆರೆದುಕೊಳ್ಳುವಾಗ ಕನ್ನಡಿಯಲ್ಲಿ ಅದನ್ನೇ ಕಂಡಿದ್ದ. ಆಗ ಅವನಿಗೆ ಫಕ್ಕನೆ ಹೊಳೆಯಿತು: ಟೈಲ್ಸ್ ದೊಡ್ಡಪ್ಪ ಮಾವನಿಗೆ ಏನಾಗಬೇಕು? ಷಡ್ಡಕ!

ಮಾವ ಗಾಳಿಗೆಂದು ಮಹಡಿಗೆ ಹೋದರು. ಇವನೂ ಹಿಂದೆಯೇ ಹೋದ. ನೀರಿನ ಟ್ಯಾಂಕಿಗೂ ಟೈಲ್ಸ್ ಹಾಕಿಸಿದ್ದರು. ಇಬ್ಬರೂ ಅದನ್ನೇ ನೋಡುತ್ತ ನಿಂತರು.

“ಮಾವ,” ಎಂದ ಕೊನೆಗೆ, “ನಿಮಗೂ ಹೊಟ್ಟೆ ಉರಿಯುತ್ತಾ?”

ಮಾವ ಮೆಟ್ಟಿಲ ಕಡೆ ಒಮ್ಮೆ ನೋಡಿದರು, ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ಉಸಿರು ಬಿಟ್ಟರು. “ಸುಟ್ಟು ಹೋಗ್ತಿದೆ ಕಣ್ರೀ.”

ಒಮ್ಮೆ ಬಾಯಿ ತೆರೆದದ್ದು ಮತ್ತೆ ಮುಚ್ಚಲಿಲ್ಲ. ಮದುವೆಯಾದಾಗಿನಿಂದ ಇದೇ ಗೋಳು. ಆ ಮನುಷ್ಯ ಕೆಟ್ಟವನಲ್ಲ, ಅದೇ ಕಷ್ಟ. ಕೆಟ್ಟವನಾಗಿದ್ದರೆ ಬೈದಾದರೂ ಹಗುರವಾಗಬಹುದಿತ್ತು. ಸ್ಕೂಟರು ಅವನದೇ ಮೊದಲು, ಕಾರು ಅವನದೇ ಮೊದಲು, ಮಂಡಿನೋವು ಕೂಡ ಅವನಿಗೇ ಮೊದಲು ಬಂತು, ಅದಕ್ಕೂ ದುಬಾರಿ ಡಾಕ್ಟರು. ಈ ಮನೆಗೆ ಬಂದು ಹೋದರೆ ಎರಡು ದಿನ ಮಾವನಿಗೆ ನಿದ್ದೆ ಬರುವುದಿಲ್ಲ.

“ನಿಮ್ಮತ್ತೆಗೆ ಹೇಳೋಕಾಗುತ್ತಾ ಇದನ್ನ? ಅದಕ್ಕೇ ದೊಡ್ಡೋನು ಒಂದು ಉಪಾಯ ಮಾಡ್ಕೊಟ್ಟಿದ್ದ. ಭಾನುವಾರ ಬಂತು ಅಂದ್ರೆ ಕಂಪ್ಯೂಟರ್ ರಿಪೇರಿ, ಇಲ್ಲಿಗೆ ಬರೋಕೆ ಪುರುಸೊತ್ತಿಲ್ಲ. ಅವಳು ಬಂದು ಕೇಳಿದ್ರೆ ಆ ‘ಆಮೇಲೆ’ನ ತೆಗೆದು ತೋರಿಸ್ತಿದ್ದೆ, ‘ನೋಡು, ಇದೊಂದು ಬಾಕಿ ಇದೆ, ಆಮೇಲೆ ಮಾಡ್ಬೇಕು’ ಅಂತ. ಹೆಸರೂ ಅದೇ ಇತ್ತಲ್ಲ, ನಂಬ್ತಿದ್ಳು. ಷಟರ್ ಇಳಿಸಿ, ಸಮುದ್ರದ ಮುಂದೆ ಚಾಪೆ ಹಾಕ್ಕೊಂಡು ಇಸ್ಪೀಟು ಆಡ್ತಿದ್ವಿ. ಸಾಕಾದ್ರೆ ಮಲಗ್ತಿದ್ವಿ.” ಮಾವ ಟ್ಯಾಂಕಿನ ಟೈಲ್ಸನ್ನು ಉಗುರಿನಿಂದ ಕೆರೆದರು. “ನೀವು ಬಂದ್ರಿ. ಏನೂ ಬಾಕಿ ಇಲ್ದ ಹಾಗೆ ಮಾಡಿಬಿಟ್ರಿ.”

ಸಿಸ್ಟಂ ಅಷ್ಟು ಚೊಕ್ಕವಾಗಿ ಕೆಲಸ ಮಾಡಿದ ತನ್ನ ಕೈಗಳನ್ನೇ ನೋಡಿಕೊಂಡ.

“ನನಗೆ ಹೇಳಬಹುದಿತ್ತಲ್ಲ ಮಾವ.”

“ನೀವು ಆಸ್ಪತ್ರೆಯವರು, ದೊಡ್ಡ ಕೆಲಸದವರು. ಹೊಟ್ಟೆಕಿಚ್ಚಿಗೆ ಕದ್ದು ಕೂರ್ತೀನಿ ಅಂತ ನಿಮ್ಮ ಹತ್ತಿರ ಹೇಗೆ ಹೇಳ್ಲಿ? ದೊಡ್ಡೋನಿಗೂ ಪೂರ್ತಿ ಹೇಳಿಲ್ಲ. ಹೇಳಿದ್ರೆ ‘ಅವರು ಚೆನ್ನಾಗಿದ್ರೆ ನಿಮಗೇನು ಮಾವ’ ಅಂತಾನೆ. ಅವನಿಗೆ ಇದು ಏನು ಅಂತಲೇ ಗೊತ್ತಿಲ್ಲ, ಪಾಪ.”

“ನನಗೆ ಗೊತ್ತು,” ಎಂದ ಸಿಸ್ಟಂ.

“ನಿಮಗ್ಯಾರ ಮೇಲೆ?”

ಅವನು ತನ್ನ ಬರಿಗಾಲುಗಳನ್ನು ನೋಡುತ್ತ ನಿಂತ. ಕಿವಿ ಕೆಂಪಗಾಯಿತು. ಮಾವ ಅವನ ಮುಖವನ್ನು ಸ್ವಲ್ಪ ಹೊತ್ತು ದಿಟ್ಟಿಸಿದರು, ಫೋಟೊ ತೆಗೆಯುವ ಮೊದಲು ಗಲ್ಲ ಎಷ್ಟು ಎತ್ತಬೇಕೆಂದು ನೋಡುವ ಹಾಗೆ.

“ಓ,” ಎಂದರು.

ಕೆಳಗಿನಿಂದ ಅತ್ತೆ ಕರೆದರು. ಇಬ್ಬರೂ ಇಳಿದು ಬಂದು ಪರದೆ ಸರಿಯುವುದನ್ನು ಇನ್ನೊಮ್ಮೆ ನೋಡಿದರು.

ಕೆಲವು ವಾರಗಳ ನಂತರ ಹೊಸ ಆವೃತ್ತಿ ಬಂತು. ಆಸ್ಪತ್ರೆಯ ಯಂತ್ರಗಳಿಗೆಲ್ಲ ಅದನ್ನು ಹಾಕಿ ಮುಗಿಸಿದ ಮೇಲೆ ಸಿಸ್ಟಂ, ಯಾರೂ ಕರೆಯದಿದ್ದರೂ, ಶನಿವಾರ ಮಾವನ ಸ್ಟುಡಿಯೊಗೆ ಹೋದ. ಅಲ್ಲಿಯೂ ಅದು ತಾನಾಗಿಯೇ ಬಂದು ಕೂತಿತ್ತು. ಡಿಸ್ಕಿನ ನಕ್ಷೆ ತೆರೆದ. ಮುಖ್ಯ ಕೋಣೆ, ಅದರ ಪಕ್ಕ ಹೊಸದಾಗಿ ಕಟ್ಟಿಕೊಂಡ ರಿಪೇರಿ ಕೋಣೆ, ಅದರಾಚೆ, ಇನ್ನು ಯಾರಿಗೂ ಬೇಡವಾದ ಹಳೆಯದು. ಪುಟ್ಟದು. ಬಾಗಿಲಿಲ್ಲ, ಹೆಸರಿಲ್ಲ.

ಅವನ ಬೆರಳು ತುರಿಸಿತು. ಇಂಥದ್ದನ್ನು ಕಂಡು ಅಳಿಸದೆ ಎದ್ದು ಬಂದ ದಾಖಲೆ ಅವನ ಜನ್ಮದಲ್ಲೇ ಇರಲಿಲ್ಲ. ಮೌಸ್ ಹಿಡಿದ ಕೈಯನ್ನು ಇನ್ನೊಂದು ಕೈಯಿಂದ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡ ಎಂದರೆ ನೀವು ನಂಬಬೇಕು. ಮಾವ ಹಿಂದೆ ನಿಂತು ಉಸಿರು ಬಿಗಿಹಿಡಿದಿದ್ದರು.

ಚಹಾ ಹಿಡಿದುಕೊಂಡು ಅತ್ತೆ ಬಂದರು. “ಎಲ್ಲ ಸರಿಯಾಗಿದೆ ಅಲ್ವಾ? ನಾಳೆ ಅಕ್ಕನ ಮನೇಲಿ ಹೊಸ ಜೋಕಾಲಿ ತಂದಿದಾರಂತೆ, ನೋಡೋಕೆ ಹೋಗ್ಬೇಕು.”

“ಇಲ್ಲ ಅತ್ತೆ,” ಎಂದ ಸಿಸ್ಟಂ. “ಅಪ್‌ಗ್ರೇಡ್ ಆಗಿದೆ. ಇಲ್ಲಿ ನೋಡಿ, ಇದೊಂದು ಉಳ್ಕೊಂಡಿದೆ. ಕೂತು ನೋಡ್ಬೇಕು. ನಾಳೆ ಬರ್ತೀನಿ.”

“ನೀವು ಬನ್ನಿ, ಬೀಗದ ಕೈ ಕೊಟ್ಟಿರ್ತೀನಿ. ಇವರನ್ನ ನಾನು ಕರ್ಕೊಂಡು ಹೋಗ್ತೀನಿ.”

“ಮಾವ ಇಲ್ದೆ ಆಗಲ್ಲ. ಯಾವ ಫೋಟೊ ಬೇಕು, ಯಾವುದು ಬೇಡ ಅಂತ ಅವರೇ ಹೇಳ್ಬೇಕು.”

“ಹಾಗಾದ್ರೆ ದೊಡ್ಡಳಿಯನ ಜೊತೆ ಹೋಗ್ತೀನಿ ಬಿಡಿ. ಭಾನುವಾರ ಅವನಿಗೆ ಇಲ್ಲೇನು ಕೆಲಸ ಇನ್ನು? ಅವನಿಗಿಂತ ನಿಮಗೇ ಚೆನ್ನಾಗಿ ಗೊತ್ತು.”

ನೋಡಿ, ಯಾವ ಮಾತನ್ನು ಕೇಳಬೇಕೆಂದು ಅವನು ವರ್ಷಗಟ್ಟಲೆ ಬಾಯಿ ಬಿಟ್ಟುಕೊಂಡು ಕಾದಿದ್ದನೋ ಆ ಮಾತು ಸಾಸರ್ ಸಮೇತ ಎದುರಿಗೆ ಬಂದು ಕೂತಿತು. ಸುಮ್ಮನಿದ್ದರೆ ಸಾಕಿತ್ತು. ಭಾನುವಾರ, ಸ್ಟುಡಿಯೊ, ಮಾವ, ಎಲ್ಲ ತನ್ನೊಬ್ಬನದೇ. ಷಡ್ಡಕ ಅತ್ತೆಯ ಜೊತೆ ಹೋಗಿ ಟೈಲ್ಸ್ ಮೇಲೆ ಬರಿಗಾಲಲ್ಲಿ ನಡೆಯಲಿ. ಆದರೆ ಗೋಡೆಯ ಮೇಲೆ ಎರಡು ಮಗ್ಗುಗಳು ತೂಗುತ್ತಿದ್ದವು, ಎಷ್ಟೋ ವಾರದಿಂದ ಎರಡರಲ್ಲೂ ಧೂಳು. ಮಾವ ಒಡೆದ ಮಗ್ಗಿನ ಕಡೆ ನೋಡಿದರು, ಆಮೇಲೆ ಇವನ ಕಡೆ.

ಸಿಸ್ಟಂ ಒಂದು ಗುಟುಕು ಚಹಾ ಕುಡಿದ.

“ಭಾವನೂ ಬೇಕು ಅತ್ತೆ. ಮೊದಲು ಹಾಕಿದ್ದು ಅವರೇ ಅಲ್ವಾ. ಅವರಿಲ್ದೆ…” ಇನ್ನೊಂದು ಗುಟುಕು ಕುಡಿದ. “ಅವರಿಲ್ದೆ ನನ್ನೊಬ್ಬನ ಕೈಲಿ ಆಗಲ್ಲ.”

“ನಿಮ್ಮ ಕೈಲೂ ಆಗಲ್ವಾ?” ಅತ್ತೆಯ ಮುಖದಲ್ಲಿ ಅವನ ಬೆಲೆ ಇಳಿದದ್ದು ಕಣ್ಣಿಗೆ ಕಾಣುವಂತಿತ್ತು. “ಅಷ್ಟು ದೊಡ್ಡ ಆಸ್ಪತ್ರೇಲಿ ಇದ್ದೀರಿ ಅಂತ…” ಎಂದು ಅರ್ಧಕ್ಕೇ ಬಿಟ್ಟು, ಖಾಲಿ ಕಪ್ಪು ತೆಗೆದುಕೊಂಡು ಮೇಲೆ ಹೋದರು.

ಆ ರಾತ್ರಿ ಊಟದ ಹೊತ್ತಿಗೆ ಸುದ್ದಿ ಹೆಂಡತಿಗೆ ಮುಟ್ಟಿತ್ತು. “ಭಾವ ಇಲ್ದೆ ನಿಮ್ಮ ಕೈಲಿ ಆಗಲ್ಲ ಅಂದ್ರಂತೆ?” ಎಂದು ಅವನ ಹಣೆ ಮುಟ್ಟಿ ನೋಡಿದಳು.

ಮರುದಿನ ಊಟವಾಯಿತು. ಅವನು ಫೋನನ್ನು ಮೇಜಿನ ಮೇಲೆ ಬೋರಲು ಹಾಕಿಟ್ಟ, ಮತ್ತೆ ಅಂಗಾತ ಮಾಡಿದ. ಬರುತ್ತೇನೆ ಎಂದು ಹೇಳಿ ಬಂದಿದ್ದ, ಎದ್ದು ಹೋಗಬಹುದಿತ್ತು. ಹೋಗಲಿಲ್ಲ. ಶೂ ಹಾಕಿಕೊಂಡು ಕುರ್ಚಿಯ ತುದಿಯಲ್ಲಿ ಕೂತ. ಕರೆದ ಮೇಲೆ ಹೋಗುವುದು ಬೇರೆ. ಹೊತ್ತು ಸರಿದ ಹಾಗೆ ಅವನಿಗೆ ಎಲ್ಲ ಕಣ್ಣಿಗೆ ಕಟ್ಟಿತು: ಷಟರ್ ಇಳಿದಿದೆ, ಚಾಪೆ ಹಾಸಿದೆ, ಇಬ್ಬರೂ ನಗುತ್ತಿದ್ದಾರೆ, ಇವನ ನೆನಪು ಯಾರಿಗೂ ಇಲ್ಲ. ಎಂಥ ಮೂರ್ಖ ನಾನು, ಹೊಲಿಗೆ ಬಿಚ್ಚಿದ ಭಾನುವಾರವನ್ನು ನನ್ನ ಕೈಯಾರೆ ಮತ್ತೆ ಹೊಲಿದು ಷಡ್ಡಕನಿಗೆ ತೊಡಿಸಿಬಿಟ್ಟೆ ಎಂದು ಹಲ್ಲು ಕಡಿದ.

ಫೋನು ಸದ್ದು ಮಾಡಿತು. ಪರದೆಯ ಮೇಲೆ ‘ಮಾವ’ ಎಂದಿತ್ತು. ಆ ಹೆಸರನ್ನು ಅವನು ಮದುವೆಯ ವಾರವೇ ಫೋನಿಗೆ ಹಾಕಿಟ್ಟಿದ್ದ, ಅದು ಪರದೆಯ ಮೇಲೆ ಬಂದದ್ದನ್ನು ನೋಡಿದ್ದು ಅವತ್ತೇ.

“ಹಲೋ, ಕಂಪ್ಯೂಟರ್ ಪೂರ್ತಿ ಕೆಟ್ಟು ಕೂತಿದೆ!” ಮಾವ ಕಿರುಚುತ್ತಿದ್ದರು, ಮಹಡಿಯ ಮೇಲಿನ ಅತ್ತೆಗೆ ಕೇಳಿಸುವಷ್ಟು ಜೋರಾಗಿ. “ನಿಮ್ಮನ್ನೇ ಕಾಯ್ತಾ ಇದೀವಿ!”

ಹಾಳು ಕಸುಬಿನ ಅಭ್ಯಾಸ, ಅವನು ಎದ್ದು ನಿಂತ. “ಏನಾಯ್ತು ಮಾವ? ಪರದೆ ಮೇಲೆ ಏನು ಬರ್ತಿದೆ?”

ಅತ್ತ ಕಡೆ ಒಂದು ಬಾಗಿಲು ಮುಚ್ಚಿದ ಸದ್ದಾಯಿತು. ಮಾವನ ದನಿ ತಗ್ಗಿತು.

“ಏನೂ ಆಗಿಲ್ಲ. ಬಾ.”

ಅದರ ಹಿಂದೆ ಇಸ್ಪೀಟು ಕಲೆಸುವ ಶಬ್ದ, ಷಡ್ಡಕನ ಗಟ್ಟಿ ನಗು. ತನಗಿಂತ ಮೊದಲೇ ಹೋಗಿ ಕೂತಿದ್ದಾನೆ, ಸಮುದ್ರದ ಕಡೆಯ ಒಳ್ಳೆಯ ಜಾಗ ಹಿಡಿದಿರುತ್ತಾನೆ. ಸಿಸ್ಟಂನ ಹೊಟ್ಟೆಯಲ್ಲಿ ಆ ಹಳೆಯ ಕೆಂಡ ಮತ್ತೆ ಚುರ್ ಎಂದಿತು. ಅವನು ಮೆಟ್ಟಿಲನ್ನು ಎರಡೆರಡಾಗಿ ಇಳಿದು ಓಡಿದ.